ಅಟ್ಟದ ಮೇಲಿಟ್ಟ ಪಾಠಗಳು

ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನಗೆ ಫೋನ್ ಮಾಡುತ್ತಾರೆ. “ಮೇಡಂ, ನಮ್ಮ ಕಡೆ ನೆಟ್‌ವರ್ಕೇ ಸಿಗಲ್ಲ, ರಿಪೇರಿಗೂ ಯಾರೂ ಬರಲ್ಲ. ನೀವು ಅದು ಹೇಗೆ ನಡೆಸಿದಿರಿ?” ಎಂದು ಕೇಳುತ್ತಾರೆ. ನಡೆಸಿದ್ದು ನಾನಲ್ಲ, ಅದು ಬಿದ್ದು ಎದ್ದು ತಾನೇ ನಡೆಯುತ್ತಿತ್ತು, ನಾನು ಹಿಂದೆ ಹಿಂದೆ ಓಡುತ್ತಿದ್ದೆ ಎಂದರೆ ಅವರಿಗೆ ತಮಾಷೆ ಅನ್ನಿಸುತ್ತದೆ. ಒಣಗಿದ ತೆಂಗಿನ ಗರಿಗೆ ಸದ್ದು ಜಾಸ್ತಿ ಎಂದು ಈ ಮುದುಕಿಯನ್ನು ನೋಡಿ ನಗುವುದಾದರೆ ನಗಿ, ಆದರೂ ಹೇಳುತ್ತೇನೆ.

ನಾನು ಗಣಿತದ ಟೀಚರ್. ಸರ್ವಿಸಿನ ಕೊನೆಯ ಕೆಲವು ವರ್ಷ ನನ್ನನ್ನು ತಿಪಟೂರಿನಲ್ಲಿ ಕೂರಿಸಿ, ಸುತ್ತಲಿನ ಶಾಲೆಗಳಿಗೆ ಮುಕ್ತ ಪಾಠಗಳನ್ನು ತಲುಪಿಸುವ ಕೆಲಸ ಕೊಟ್ಟರು. ಮುಕ್ತ ಪಾಠ ಎಂದರೆ ಮೇಷ್ಟ್ರುಗಳೇ ಮಾಡಿದ ಪಾಠ. ಕೆಲವು ವಿಡಿಯೋ, ಕೆಲವು ಬರೀ ದನಿ. ಅದಕ್ಕೆ ಯಜಮಾನರಿಲ್ಲ. ಯಾರು ಬೇಕಾದರೂ ಕಾಪಿ ಮಾಡಿಕೊಳ್ಳಬಹುದು, ಬೇಡವಾದದ್ದು ಕತ್ತರಿಸಬಹುದು, ಬೇಕಾದದ್ದು ಸೇರಿಸಬಹುದು. ಇವೆಲ್ಲ ಇಂಟರ್‌ನೆಟ್ಟಿನಲ್ಲಿ ಇರಬೇಕಾದವು. ನಮ್ಮಲ್ಲಿ ಅದು ತೋಟದ ಬದುವಿನ ಮೇಲೆ ಹತ್ತಿ ಕೈ ಎತ್ತಿದರೆ ಒಂದಿಷ್ಟು ಸಿಗುತ್ತಿದ್ದುದರಿಂದ, ಶಾಲೆಗೊಂದು ಡಬ್ಬಿ ಕೊಟ್ಟಿದ್ದರು. ಅಂಗೈ ಅಗಲದ ಡಬ್ಬಿ, ಒಳಗೆ ಉಗುರಿನಷ್ಟು ಮೆಮೊರಿ ಕಾರ್ಡು, ಆ ಕಾರ್ಡಿನಲ್ಲಿ ಪಾಠಗಳು. ಕರೆಂಟು ಕೊಟ್ಟರೆ ಡಬ್ಬಿ ತನ್ನ ಸುತ್ತ ತಾನೇ ವೈಫೈ ಹರಡುತ್ತಿತ್ತು. ಇಂಟರ್‌ನೆಟ್ ಇಲ್ಲದೆಯೇ ಮಕ್ಕಳು ಮೇಷ್ಟ್ರ ಫೋನಿನಲ್ಲಿ ಪಾಠ ನೋಡಬಹುದಿತ್ತು, ಕೇಳಬಹುದಿತ್ತು.

ನಮ್ಮ ಆಗಿನ ಸಾಹೇಬರು ತಿಂಗಳಿಗೊಮ್ಮೆ ಕರೆಸಿ, “ಡಬ್ಬಿ ಎಲ್ಲಾ ಕಡೆ ತಲುಪಿದವಾ?” ಎಂದು ಕೇಳುತ್ತಿದ್ದರು.

“ತಲುಪಿದ್ದು ತಲುಪಿವೆ ಸಾರ್. ತೆರೆದವರು ಯಾರು ಅನ್ನೋದೇ ಗೊತ್ತಾಗ್ತಿಲ್ಲ.”

“ತೆರೆದಿದ್ದು ಮೇಲಿನೋರು ಕೇಳಿಲ್ಲ ಕಣಮ್ಮ. ನೀವ್ಯಾಕೆ ಇಲ್ಲದ ಕಾಲಂ ಸೇರಿಸ್ತೀರಿ?” ಎಂದು ನಗುತ್ತಿದ್ದರು. ಒಳ್ಳೆಯ ಮನುಷ್ಯರೇ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ ಎಂದು ಅವರಿಗೆ ಗೊತ್ತಿತ್ತು. ನನಗೋ ಪ್ರಶ್ನೆ ಹುಟ್ಟದಿದ್ದರೆ ಊಟ ಸೇರುವುದಿಲ್ಲ. ಬಿಟ್ಟಿಯಾಗಿ ಕೊಟ್ಟ ಪಾಠ ಎಲ್ಲಿಗೆ ಹೋಗುತ್ತದೆ, ಯಾರ ಕೈಯಲ್ಲಿ ಏನಾಗುತ್ತದೆ ಎಂದು ನೋಡಲು ಬಸ್ಸು ಹತ್ತಿ ಹೊರಟುಬಿಡುತ್ತಿದ್ದೆ.

ನೊಣವಿನಕೆರೆ ಕಡೆಯ ಒಂದು ಶಾಲೆಯಲ್ಲಿ ಡಬ್ಬಿ ಮಧ್ಯಾಹ್ನ ಮಾತ್ರ ಕೆಲಸ ಮಾಡುತ್ತಿತ್ತು. ಬೆಳಿಗ್ಗೆ ಹಾಕಿದರೆ ಹತ್ತಿಕೊಳ್ಳುವುದು, ಆರುವುದು, ಮತ್ತೆ ಹತ್ತಿಕೊಳ್ಳುವುದು. “ಇದಕ್ಕೂ ರಾಹುಕಾಲ ಐತೆ ಅಂತ ಕಾಣುತ್ತೆ ಮೇಡಂ” ಎಂದು ಅಲ್ಲಿನ ಟೀಚರ್ ಕೈಚೆಲ್ಲಿದ್ದರು. ಡಬ್ಬಿ ಕೊಟ್ಟ ಕಂಪನಿಯವರ ನಂಬರಿಗೆ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿಲ್ಲ. ನಾನು ಒಂದು ದಿನ ಬೆಳಿಗ್ಗೆ ಹೋಗಿ ಆ ಕೋಣೆಯಲ್ಲೇ ಕೂತೆ. ಸುತ್ತ ತೆಂಗಿನ ತೋಟ, ನಾಲ್ಕು ದಿಕ್ಕಿನಿಂದಲೂ ಮೋಟರುಗಳ ಸದ್ದು. ಊಟದ ಬೆಲ್ಲಿನ ಹೊತ್ತಿಗೆ ಆ ಸದ್ದು ಒಂದೊಂದಾಗಿ ನಿಂತಿತು. ನಿಂತ ಕೂಡಲೇ ತಲೆಯ ಮೇಲಿನ ಫ್ಯಾನು ಜೋರಾಯಿತು, ಡಬ್ಬಿಯ ಹಸಿರು ದೀಪ ನೆಟ್ಟಗೆ ನಿಂತಿತು. ಬೆಳಗಿನ ಪಾಳಿಯಲ್ಲಿ ತೋಟಗಳಿಗೆ ನೀರು ಬಿಡುವಾಗ ವೋಲ್ಟೇಜ್ ಕುಸಿಯುತ್ತಿತ್ತು, ಅಷ್ಟೇ. ಅದನ್ನು ಕಂಡುಹಿಡಿದ ಸಂತೋಷಕ್ಕೆ ಮಕ್ಕಳ ಜೊತೆ ಎರಡು ಸಲ ಅನ್ನ ಸಾರು ಹಾಕಿಸಿಕೊಂಡು ಉಂಡೆ.

ಕಾರಣ ತಿಳಿದರೆ ಸಾಕೆ? ತಿಪಟೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಜಬೀರ್ ಅವರ ಮೊಬೈಲ್ ರಿಪೇರಿ ಅಂಗಡಿ ಇತ್ತು. ನನ್ನ ಫೋನು ಕೆಟ್ಟಾಗಲೆಲ್ಲ ಅವರೇ ಗತಿ. ಹೇಳಿದೆ. “ಹಳೇ ಸ್ಕೂಟರ್ ಬ್ಯಾಟರಿ ಮೇಲೆ ಓಡ್ಸಿ ನೋಡಣ ಮೇಡಂ. ಉಳಿದ್ರೆ ಉಳೀತು” ಅಂದರು. ಮೊದಲ ಡಬ್ಬಿ ಉಳಿಯಲಿಲ್ಲ. ಬುಸ್ಸೆಂದು ಹೊಗೆ ಬಿಟ್ಟು ಕಣ್ಣು ಮುಚ್ಚಿತು. “ಯಾ ಅಲ್ಲಾ, ಉಲ್ಟಾ ಕೊಟ್ಬುಟ್ಟೆ!” ಎಂದು ಜಬೀರ್ ಹಣೆ ಚಚ್ಚಿಕೊಂಡರು. ಎರಡನೆಯದು ಬದುಕಿತು. ಆಮೇಲೆ ನಮ್ಮ ಎಷ್ಟೋ ಡಬ್ಬಿಗಳು ಓಡಿದ್ದು ಗುಜರಿಗೆ ಹೊರಟಿದ್ದ ಬ್ಯಾಟರಿಗಳ ಮೇಲೆ. ನಿಮ್ಮ ಊರಿನಲ್ಲೂ ಒಬ್ಬ ಜಬೀರ್ ಇರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹುಡುಕಿಕೊಳ್ಳಿ, ಕಂಪನಿಯ ನಂಬರ್ ಆಮೇಲೆ ನೋಡಿದರಾಯಿತು.

ಡಬ್ಬಿಗಿಂತ ಕಷ್ಟವಾದದ್ದು ಮೇಷ್ಟ್ರುಗಳನ್ನು ನಂಬಿಸುವುದು. ಪಾಠಗಳನ್ನು ನಿಮ್ಮ ಫೋನಿಗೂ ಕಾಪಿ ಮಾಡಿಕೊಳ್ಳಿ, ನಾಲ್ಕು ಜನಕ್ಕೆ ಕೊಡಿ ಎಂದು ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಮುಗಿದ ಮೇಲೆ ಒಬ್ಬೊಬ್ಬರೇ ಹತ್ತಿರ ಬಂದು, “ಮೇಡಂ, ಕಾಪಿ ಮಾಡ್ಕಳಕ್ಕೆ ಒಂದು ಪರ್ಮಿಷನ್ ಲೆಟರ್ ಕೊಟ್ಬಿಡಿ. ನಾಳೆ ಯಾರಾದ್ರೂ ಕೇಳಿದ್ರೆ?” ಎನ್ನುತ್ತಿದ್ದರು.

“ಅರಳಿಕಟ್ಟೆ ಮೇಲೆ ಕೂರಕ್ಕೆ ಯಾರ ಪರ್ಮಿಷನ್ ತಗೋತೀರಿ?”

“ಅರಳಿಕಟ್ಟೆಗೆ ಆಡಿಟ್ ಇಲ್ವಲ್ಲ ಮೇಡಂ.”

ಏನು ಹೇಳಲಿ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ಭಕ್ತರೇ ತಗೊಳ್ಳಲು ಹೆದರುತ್ತಿದ್ದರು. ಹಾಗಾಗಿ ಪಾಠಗಳು ಡಬ್ಬಿಯಲ್ಲೇ ಉಳಿದವು, ಡಬ್ಬಿಯ ಹೊರಗೆ ಹೆಚ್ಚು ಹೋಗಲಿಲ್ಲ. ಈ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಂದಿಕೆರೆ ಕಡೆಯ ಒಂದು ಹೈಸ್ಕೂಲಿಗೆ ಹೋದಾಗ ಡಬ್ಬಿಯೇ ಕಾಣಲಿಲ್ಲ. ಹೆಡ್‌ಮಾಸ್ಟರ್ ಪಂಚಾಕ್ಷರಿಯವರು ವಿಜ್ಞಾನದ ಮೇಷ್ಟ್ರು, ತೋಟವಂತರು, ತೂಕದ ಮಾತಿನವರು.

“ಡಬ್ಬಿ ಎಲ್ಲಿ ಸಾರ್?”

“ಭದ್ರವಾಗೈತೆ ಮೇಡಂ. ಸ್ಕೂಲ್ ಸೋರ್ತದೆ, ಕಳ್ಳಕಾಕರ ಭಯ ಬೇರೆ. ನಮ್ಮನೆ ಅಟ್ಟದ ಮೇಲಿಟ್ಟಿದೀನಿ, ಕಾಯಿ ಹಿಂದುಗಡೆ.”

ನಮ್ಮ ಸೀಮೆಯವರಿಗೆ ಅಟ್ಟ ಎಂದರೆ ಏನೆಂದು ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಅಲ್ಲಿಯವರೆಗೆ ಕದಲಿಸಿದರೆ ಕೊಬ್ಬರಿ ಕೆಡುತ್ತದೆ ಎಂದು ಹಿರಿಯರ ಮಾತು. ಪಂಚಾಕ್ಷರಿಯವರ ಪಾಲಿಗೆ ಬೆಲೆಬಾಳುವ ವಸ್ತುವಿನ ಜಾಗ ಅದೊಂದೇ.

“ಅಲ್ಲ ಸಾರ್, ಮಕ್ಕಳು ಕೇಳೋದು ಯಾವಾಗ?”

“ಈಗ್ಲೇ ಎಲ್ಲಾ ಖಾಲಿ ಮಾಡ್ಬಿಟ್ರೆ ಮುಂದಿನ ಬ್ಯಾಚಿಗೆ? ಇರ್ಲಿ ಬುಡಿ ಮೇಡಂ. ಇಟ್ಟ ಪದಾರ್ಥ ಕೆಡಲ್ಲ.”

ಪಾಠ ಕೇಳಿದರೆ ಖರ್ಚಾಗುವುದಿಲ್ಲ ಎಂದು ಗಂಟೆಗಟ್ಟಲೆ ಹೇಳಿದೆ. ವಿಜ್ಞಾನದ ಮೇಷ್ಟ್ರಿಗೆ ಅದು ತಿಳಿಯದೆ? ತಲೆಗೆ ತಿಳಿಯುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ನನಗೆ ಸಿಟ್ಟು ಬಂದು, “ನಿಮ್ಮ ಡಬ್ಬೀಲಿ ಈಗಾಗ್ಲೇ ಪಾಠ ಲೊಡಲೊಡ ಅಂತಿರಬೇಕು, ಇಳಿಸಿ” ಎಂದು ಹೇಳಿ ಬಸ್ಸು ಹತ್ತಿದೆ. ಅವರು ಇಳಿಸಲಿಲ್ಲ.

ಇದಾದ ವರ್ಷದ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು. ಹೊಸ ವಿಡಿಯೋ ಪಾಠಗಳು ತಯಾರಾಗಿವೆ, ಹಳೆಯದನ್ನು ಅಳಿಸಿ ಹೊಸದನ್ನು ತುಂಬತಕ್ಕದ್ದು. ಗುತ್ತಿಗೆಯವರು ಜೀಪಿನಲ್ಲಿ ಊರೂರು ಸುತ್ತಿ ರಜೆ ಮುಗಿಯುವುದರೊಳಗೆ ಎಲ್ಲ ಡಬ್ಬಿಗಳಿಗೂ ತುಂಬಿದೆವು ಎಂದು ಬರೆದುಕೊಟ್ಟು ಹೋದರು. ವಿಡಿಯೋಗಳು ಚೆನ್ನಾಗಿದ್ದವು, ಬಣ್ಣ ಬಣ್ಣದ ಚಿತ್ರಗಳು, ಸಂಗೀತ. ದನಿಯ ಪಾಠಗಳು ಹೋದವು ಎಂದು ಯಾರೂ ಗಮನಿಸಲಿಲ್ಲ. ನೋಡಲು ಸಿಗುವಾಗ ಕೇಳುವುದು ಯಾರಿಗೆ ಬೇಕು?

ಬೇಕಾದವಳು ಒಬ್ಬಳಿದ್ದಳು. ಸಂಪಿಗೆ ಕಡೆಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಬಂದಿದ್ದ ಭಾಗ್ಯ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ರೈಲ್ ಪುಸ್ತಕ ಅವಳ ಕೈಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಊಟದ ಬಿಡುವಿನಲ್ಲಿ ಟೀಚರ ಫೋನನ್ನು ಡಬ್ಬಿಗೆ ಜೋಡಿಸಿಕೊಂಡು ದನಿಯ ಪಾಠ ಕೇಳಿ ಕೇಳಿಯೇ ಅವಳು ಅಲ್ಲಿಯವರೆಗೆ ಓದಿದ್ದಳು. ಜೂನಿನಲ್ಲಿ ನಾನು ಆ ಶಾಲೆಗೆ ಹೋದಾಗ ಸೀದಾ ನನ್ನ ದನಿಯ ಕಡೆ ತಿರುಗಿ ಕೇಳಿದಳು.

“ಮೇಡಂ, ಡಬ್ಬೀಲಿ ಈಗ ಬರೀ ಮ್ಯೂಸಿಕ್ ಬತ್ತೈತೆ. ಮೇಷ್ಟ್ರುಗಳೆಲ್ಲ ಎಲ್ಲೋದ್ರು?”

ಮಾರ್ಚಿಗೆ ಅವಳ ಪರೀಕ್ಷೆ. “ತರ್ತೀನಿ ಕಣಮ್ಮ” ಎಂದು ಬಾಯಿಗೆ ಬಂದದ್ದು ಹೇಳಿ ಹೊರಟೆ. ಪಾಠಗಳ ಮೂಲ ಪ್ರತಿಯಿದ್ದ ನಮ್ಮ ತಿಪಟೂರು ಕಚೇರಿಯ ಕಂಪ್ಯೂಟರ್ ಅದಕ್ಕೂ ಮೊದಲೇ ಕೆಟ್ಟು ಮೂಲೆ ಸೇರಿತ್ತು. ಪಾಠಗಳಿದ್ದ ವೆಬ್‌ಸೈಟ್ ತೆರೆಯುತ್ತಲೇ ಇರಲಿಲ್ಲ. ಮೇಷ್ಟ್ರುಗಳಿಗೆ ಫೋನ್ ಮಾಡಿದರೆ, “ಪರ್ಮಿಷನ್ ಇಲ್ಲ ಅಂತ ಕಾಪಿ ಮಾಡ್ಕಳ್ಲಿಲ್ಲ ಮೇಡಂ” ಎಂಬ ಒಂದೇ ಉತ್ತರ. ಜಬೀರ್ ರಿಪೇರಿಗೆ ಬಂದ ಡಬ್ಬಿಗಳಿಂದ ಕಾಪಿ ಮಾಡಿಟ್ಟುಕೊಂಡದ್ದನ್ನೆಲ್ಲ ತಮ್ಮ ಕಂಪ್ಯೂಟರಿನಲ್ಲಿ ಹುಡುಕಿ, “ವಿಡಿಯೋ ಐತೆ ಮೇಡಂ. ದನೀದು ಯಾರೂ ಕೇಳಲ್ಲ ಅಂತ ತೆಗೆದ್ಬುಟ್ಟೆ, ಜಾಗ ಸಾಲ್ತಿರ್ಲಿಲ್ಲ” ಎಂದು ತಲೆ ತಗ್ಗಿಸಿದರು.

ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿರುವಾಗ ಹೊಳೆಯಿತು. ಜೀಪಿನವರು ಎಲ್ಲ ಡಬ್ಬಿಗಳನ್ನೂ ತೆರೆದಿರಲಾರರು. ಅಟ್ಟದ ಮೇಲೆ ಹತ್ತಿರಲಾರರು!

ಜಬೀರ್ ಅಂಗಡಿಗೆ ಶಟರ್ ಎಳೆದು ನನ್ನ ಜೊತೆ ಬಂದರು. ಪಂಚಾಕ್ಷರಿಯವರು ಜಗಲಿಯ ಮೇಲೆ ಕೂತಿದ್ದರು. “ಬಂದಿದ್ರು ಜೀಪಿನೋರು. ಕಾಯಿ ಇಳಿಸೋವರ್ಗೂ ಅಟ್ಟಕ್ಕೆ ಕೈ ಹಾಕಂಗಿಲ್ಲ ಅಂತ ಕಳಿಸ್ಬುಟ್ಟೆ” ಎಂದರು. ನಾನು ಭಾಗ್ಯಳ ವಿಷಯ ಹೇಳಿದೆ. ಅವರು ಅಟ್ಟದ ಕಡೆ ನೋಡಿದರು. ಡಬ್ಬಿ ಇದ್ದದ್ದು ತೀರಾ ಹಿಂದುಗಡೆ, ಮುಂದೆ ತುಂಬಾ ಅರೆಬರೆ ಒಣಗಿದ ಕಾಯಿ. ಅದನ್ನು ಸರಿಸದೆ ಡಬ್ಬಿ ಸಿಗುವಂತಿರಲಿಲ್ಲ. ಅವರು ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ಕಾಯಿಗಳು ಗುಡುಗುಡು ಉರುಳಿದ ಸದ್ದಿಗೆ ಒಳಗಿಂದ ಅವರ ತಾಯಿ ಕೂಗಿದರು.

“ಯಾರ್ಲಾ ಅದು ಅಟ್ಟದ ಮ್ಯಾಲೆ? ಕಾಯಿ ಕದಲಿಸ್ಬ್ಯಾಡ್ವೋ!”

“ಒಂದು ಮಗೀಗೆ ಪಾಠ ಬೇಕಂತೆ ಕಣವ್ವ. ಹೋದ್ರೆ ಹೋಯ್ತವೆ ಬುಡು.”

ಅಷ್ಟು ದಿನ ಅವರ ಮೇಲಿದ್ದ ನನ್ನ ಸಿಟ್ಟು ಆ ಮಾತಿಗೆ ಇಳಿದುಹೋಯಿತು. ಡಬ್ಬಿ ಕೆಳಗೆ ಬಂತು. ಧೂಳು, ಜೇಡರ ಬಲೆ, ಒಂದು ಮೂಲೆಯಲ್ಲಿ ಇರುವೆಯ ಮಣ್ಣು. ಕರೆಂಟು ಕೊಟ್ಟರೆ ಉಸಿರಿಲ್ಲ. ಪಂಚಾಕ್ಷರಿಯವರು ಕೊಬ್ಬರಿ ನೋಡುವಂತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಜಬೀರ್ ನಗು ತಡೆದುಕೊಂಡು ಡಬ್ಬಿ ಬಿಚ್ಚಿ, ಕಾರ್ಡನ್ನು ತೆಗೆದು ಒರೆಸಿ ತಮ್ಮ ಲ್ಯಾಪ್‌ಟಾಪಿಗೆ ಹಾಕಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಜಗಲಿಯ ಮೇಲೆ ಒಬ್ಬ ಮೇಷ್ಟ್ರ ದನಿ ಕೇಳಿತು, “ಮಕ್ಕಳೇ, ನಮಸ್ಕಾರ.” ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾಚಿಕೆಯೇನಿಲ್ಲ.

ಎಲ್ಲ ಪಾಠಗಳೂ ಇದ್ದವು. ಒಂದು ಮಾತ್ರ ತೆರೆಯಲಿಲ್ಲ, ವಿಜ್ಞಾನದಲ್ಲಿ ಹೃದಯದ ಪಾಠ. ಜಬೀರ್ ಏನು ಮಾಡಿದರೂ ಬರಲಿಲ್ಲ. ಉಳಿದದ್ದನ್ನು ಭಾಗ್ಯಳ ಮನೆಯ ಕೀಪ್ಯಾಡ್ ಫೋನಿಗೆ ಆಗುವಂತೆ ಒಂದು ಕಾರ್ಡಿಗೆ ತುಂಬಿದೆವು. ಕೊಡಲು ಹೋಗುವಾಗ ಪಂಚಾಕ್ಷರಿಯವರೂ ಬಂದರು. ತಮ್ಮ ಅಟ್ಟದ ಪದಾರ್ಥ ಯಾರ ಪಾಲಾಗುತ್ತದೆ ಎಂದು ನೋಡುವ ಆಸೆ. ಭಾಗ್ಯ ಕಾರ್ಡನ್ನು ಬೆರಳಲ್ಲಿ ಸವರಿ ನೋಡಿ, ಇಲ್ಲದ ಪಾಠದ ಸುದ್ದಿ ಕೇಳಿ, ಅವರ ದನಿಯ ಕಡೆ ತಿರುಗಿದಳು. “ಸಾರ್, ನೀವು ಸೈನ್ಸ್ ಮೇಷ್ಟ್ರಂತಲ್ಲ?”

ಪಂಚಾಕ್ಷರಿಯವರು ಬೆವರಿದರು. ತರಗತಿಯಲ್ಲಿ ಹುಲಿ, ಮೈಕಿನ ಮುಂದೆ ಇಲಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ಭಾನುವಾರ ಕಳೆದ ಮೇಲೆ ಹೃದಯದ ಪಾಠ ತಯಾರಾಯಿತು. ಹಿಂದೆ ಯಾರೋ ಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು. ಭಾಗ್ಯಳಿಗೊಂದು ಕಾಪಿ ಹೋಯಿತು. ಮಿಕ್ಕ ಪಾಠಗಳನ್ನು ನಾನು ಆ ವರ್ಷವೆಲ್ಲ ಕಂಡ ಕಂಡ ಮೇಷ್ಟ್ರ ಫೋನಿಗೆ ಕೇಳದೆಯೇ ತುಂಬಿದೆ. ಕೆಟ್ಟ ಮೇಲೆ ಬುದ್ಧಿ ಬಂದಿತ್ತು. ಹೃದಯದ ಪಾಠವನ್ನೂ ಹಂಚಲು ಕೊಡಿ ಎಂದರೆ ಪಂಚಾಕ್ಷರಿಯವರು ಒಪ್ಪಲಿಲ್ಲ. “ನನ್ನ ದನಿ ಊರಿಗೆಲ್ಲ ಯಾಕೆ ಮೇಡಂ? ಬೇಕಾದಾಗ ನನ್ನತ್ರ ಇರ್ತದೆ. ಅಟ್ಟದ ದೆಸೆಯಿಂದ್ಲೇ ಅಲ್ವಾ ಅವತ್ತು ಎಲ್ಲಾ ಉಳಿದಿದ್ದು?” ಎಂದರು. ಅದೃಷ್ಟದಿಂದ ಆದದ್ದನ್ನು ಮನುಷ್ಯ ವಿಧಾನ ಎಂದುಕೊಂಡರೆ ಬಿಡಿಸುವುದು ಬಹಳ ಕಷ್ಟ.

ಭಾಗ್ಯ ಪಾಸಾದಳು, ತುರುವೇಕೆರೆಗೆ ಕಾಲೇಜಿಗೆ ಸೇರಿದಳು. ನಾನು ಆ ವರ್ಷವೇ ನಿವೃತ್ತಳಾದೆ. ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು, ಅದರಲ್ಲಿ ಬರೆಯುವಂಥದ್ದೇನಿಲ್ಲ.

ಈಚೆಗೆ ಹೊಸ ಟೀಚರೊಬ್ಬಳು ಫೋನ್ ಮಾಡಿದಳು. ಅವಳ ತರಗತಿಗೂ ಕಣ್ಣು ಕಾಣದ ಮಗುವೊಂದು ಬಂದಿದೆ. ದನಿಯ ಪಾಠಗಳೆಲ್ಲ ಯಾರ್ಯಾರ ಫೋನಿನಿಂದಲೋ ಸಿಕ್ಕಿವೆಯಂತೆ, ಹೃದಯದ್ದು ಮಾತ್ರ ಎಲ್ಲೂ ಇಲ್ಲ. ಪರೀಕ್ಷೆ ಹತ್ತಿರ. ಎಲ್ಲಿದೆ ಎಂದು ನನಗೆ ಗೊತ್ತಿತ್ತಲ್ಲ, ಮಾರನೆಯ ದಿನವೇ ಕಂದಿಕೆರೆ ಬಸ್ಸು ಹತ್ತಿದೆ.

ಪಂಚಾಕ್ಷರಿಯವರೂ ಈಗ ನಿವೃತ್ತರು. ಖುಷಿಯಿಂದ ಏಣಿ ಹತ್ತಿ ಸಣ್ಣದೊಂದು ತಗಡಿನ ಡಬ್ಬ ಇಳಿಸಿದರು. ಮುಚ್ಚಳ ತೆಗೆದರೆ ಕಾರ್ಡಿಗೆ ಸುತ್ತಿದ್ದ ಬಟ್ಟೆಯನ್ನು ಇಲಿ ಕಡಿದಿತ್ತು, ಕಾರ್ಡಿನ ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಹೊರಳಿಸಿ ನೋಡಿದರು. “ಜೋಪಾನ ಮಾಡಿದ್ನಲ್ಲ ಮೇಡಂ” ಎಂದಾಗ ನನಗೆ ಸಿಟ್ಟು ಬರಲಿಲ್ಲ, ಅಯ್ಯೋ ಪಾಪ ಅನ್ನಿಸಿತು. ಈಗ ಭಾಗ್ಯಳೊಬ್ಬಳೇ ದಿಕ್ಕು. ಫೋನ್ ಮಾಡಿದೆ.

“ಐತೆ ಮೇಡಂ. ಸಾರ್ ಮಾಡಿದ್ದು ಮಾಡ್ದಂಗೆ ಒಂದೈತೆ, ನಾನು ಸರಿ ಮಾಡ್ಕಂಡಿರೋದು ಒಂದೈತೆ. ಎರಡೂ ಕಳಿಸ್ಲಾ?”

“ಸರಿ ಮಾಡಿದ್ಯಾ? ಏನು ತಪ್ಪಿತ್ತಮ್ಮ?”

“ನೀವೇ ಕೇಳಿ ಮೇಡಂ” ಎಂದು ನಕ್ಕಳು.

ಆ ಮನೆಯಲ್ಲಿ ಇಂಟರ್‌ನೆಟ್ ಸಿಗುವುದು ಅಟ್ಟದ ಏಣಿಯ ನಡುವೆ ಮಾತ್ರ. ಪಂಚಾಕ್ಷರಿಯವರು ತಮ್ಮ ಫೋನು ಹಿಡಿದು ಅಲ್ಲಿ ನಿಂತರು, ನಾನು ಕೆಳಗೆ ಕಂಬಕ್ಕೆ ಒರಗಿ ಕೂತೆ. ಅವಳು ಸರಿ ಮಾಡಿದ ಪಾಠ ನಿಧಾನವಾಗಿ ಇಳಿದು ಬಂತು. ಮೊದಲು ಅವರದೇ ದನಿ, ಹಿಂದೆ ಕಾಯಿ ಸುಲಿಯುವ ಸದ್ದು. “ಈಗ ಚಿತ್ರದಲ್ಲಿ ನೋಡಿ ಮಕ್ಕಳೇ, ಮೇಲ್ಗಡೆ ಕಾಣ್ತಾ ಇರೋದು…” ಅಲ್ಲಿಗೆ ದನಿ ನಿಂತಿತು. ಭಾಗ್ಯಳ ದನಿ ಬಂತು.

“ನೋಡಕ್ಕಾಗದೆ ಇರೋರು ಇಲ್ಲಿ ಕೇಳಿ. ಹೃದಯ ಅಂದ್ರೆ ಒಂದು ಮನೆ. ಮೇಲೆ ಎರಡು ಅಟ್ಟ, ಕೆಳಗೆ ಎರಡು ಕೋಣೆ. ಅಟ್ಟಕ್ಕೆ ಹೃತ್ಕರ್ಣ ಅಂತಾರೆ, ಕೋಣೆಗೆ ಹೃತ್ಕುಕ್ಷಿ ಅಂತಾರೆ. ರಕ್ತ ಮೊದ್ಲು ಅಟ್ಟಕ್ಕೆ ಬತ್ತದೆ. ಆದ್ರೆ ಕಾಯಿ ಥರ ಅಲ್ಲಿ ಇಟ್ಕಂಡು ಕೂರಂಗಿಲ್ಲ. ಬಂದಿದ್ದನ್ನ ಬಂದಂಗೆ ಕೆಳಕ್ಕೆ ಇಳಿಸ್ತಾ ಇರ್ಬೇಕು. ಕೋಣೆ ಅದನ್ನ ಮೈಗೆಲ್ಲಾ ಹಂಚ್ತದೆ. ಹಂಚೋದು ನಿಂತ್ರೆ ಮನುಷ್ಯ ಇರಲ್ಲ.”

ಮತ್ತೆ ಮೇಷ್ಟ್ರ ದನಿ, ಮತ್ತೆ “ಇಲ್ಲಿ ನೋಡಿ,” ಮತ್ತೆ ಅವಳು. ಪಾಠದುದ್ದಕ್ಕೂ ಹಾಗೆಯೇ. ಅವರು ನೋಡಿ ಎಂದ ಕಡೆಯಲ್ಲೆಲ್ಲ ಅವಳು ನಿಂತು, ಚಿತ್ರವನ್ನು ಯಾರಿಂದಲೋ ಕೇಳಿ ತಿಳಿದು, ತನ್ನ ಮಾತಿನಲ್ಲಿ ಹೇಳಿದ್ದಳು. ಯಾರ ಪರ್ಮಿಷನ್ನನ್ನೂ ಕೇಳಿರಲಿಲ್ಲ.

ಪಾಠ ಮುಗಿದ ಮೇಲೂ ಪಂಚಾಕ್ಷರಿಯವರು ಏಣಿಯ ಮೇಲೇ ಇದ್ದರು. “ಕಣ್ಣಿಲ್ಲದ ಮಗೀಗೆ ನಾನು ಅಷ್ಟು ಸಲ ನೋಡು ಅಂದಿದ್ನಾ ಮೇಡಂ?” ಎಂದರು. ಸರ್ವಿಸಿನ ಕೊನೆಯ ವರ್ಷಗಳಲ್ಲಿ ನನ್ನನ್ನು ಕಾಡಿದ್ದ ಪ್ರಶ್ನೆ, ಕೊಟ್ಟ ಪಾಠ ಎಲ್ಲಿಗೆ ಹೋಗಿ ಏನಾಗುತ್ತದೆ ಎನ್ನುವುದು, ಅದಕ್ಕೆ ಆಗ ತಾನೇ ಉತ್ತರ ಸಿಕ್ಕಿತ್ತು, ನನಗೆ ಅದೇ ಸಾಕಾಗಿತ್ತು.

ಅವರು ಇಳಿದು ಬಂದರು. ಇಲಿ ಕಡಿದ ಕಾರ್ಡನ್ನು ಬಚ್ಚಲ ಒಲೆಗೆ ಹಾಕಿ, ಗೂಟದ ಮೇಲಿನ ಅಂಗಿ ತೆಗೆದುಕೊಂಡು, ಚಪ್ಪಲಿ ಹುಡುಕತೊಡಗಿದರು. ಒಳಗಿಂದ ಅವರ ತಾಯಿ, “ಬಿಸಿಲಾಗೆ ಎಲ್ಗೋ ಹೊಂಟೆ?” ಎಂದು ಕೇಳಿದರು.

“ತಿಪಟೂರಿಗೆ ಕಣವ್ವ, ಜಬೀರಣ್ಣನ ಅಂಗಡಿಗೆ. ಒಂದಷ್ಟು ಕಾರ್ಡು ಮಾಡಿಸ್ಕಂಡು ಹಂಚ್ಬುಟ್ಟು ಬತ್ತೀನಿ.”